ಬೆಂಕಿ ಆರಿದ ಮೇಲೆ ನೀರು ಕರ್ರಗಾಯಿತು: ಕಾಡ್ಗಿಚ್ಚಿನ ಎರಡನೇ ಲೆಕ್ಕ

2019ರ ಫೆಬ್ರವರಿ ಕೊನೆಯ ವಾರ. ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ ಬಂಡೀಪುರದ ಕಾಡು ಹೊತ್ತಿ ಉರಿಯುತ್ತಿತ್ತು. ಅರಣ್ಯ ಸಿಬ್ಬಂದಿ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದರು, ಊರಿನ ಹುಡುಗರು, ಹೊರಗಿನಿಂದ ಬಂದ ಸ್ವಯಂಸೇವಕರು ಕೈಜೋಡಿಸಿದರು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ಮೇಲಿನಿಂದ ನೀರು ಸುರಿದವು. ಬೆಂಕಿ ಹತೋಟಿಗೆ ಬಂದ ಮೇಲೆ ಉಪಗ್ರಹದ ಚಿತ್ರ ನೋಡಿ ಲೆಕ್ಕ ಹಾಕಿದರು. ಸುಟ್ಟದ್ದು ಸುಮಾರು 10,900 ಎಕರೆ.

ನಾನೂ ಸುದ್ದಿ ಕಳಿಸಿದೆ. ಎಷ್ಟು ದಿನ, ಎಷ್ಟು ಎಕರೆ, ಯಾರ ಮೇಲೆ ಅನುಮಾನ, ಮಂತ್ರಿಗಳು ಏನಂದರು. ಬೆಂಕಿ ಆರಿತು, ಅದರ ಜೊತೆ ಸುದ್ದಿಯೂ ಆರಿತು.

ಮುಂಗಾರು ಶುರುವಾದ ಮೇಲೆ ಬೇರೇನೋ ಕೆಲಸಕ್ಕೆ ಕಾಡಂಚಿನ ಊರೊಂದಕ್ಕೆ ಹೋಗಿದ್ದೆ. ಟೀ ಅಂಗಡಿ ಮುಂದೆ ಕೂತಿದ್ದ ಅಜ್ಜ ಒಬ್ಬರು ನನ್ನ ಗುರುತು ಹಿಡಿದು ಅಂದರು: "ಬೆಂಕಿ ಬಿದ್ದಾಗ ಎಲ್ರೂ ಕ್ಯಾಮ್ರಾ ಹಿಡ್ಕಂಡು ಬಂದ್ರಿ ಕಣಪ್ಪ. ಕಟ್ಟೆ ನೀರು ಕರ್ರಗಾದಾಗ ಒಬ್ರೂ ಬರ್ನಿಲ್ಲ."

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಬರೆದ ಅಷ್ಟೂ ಸುದ್ದಿಯಲ್ಲಿ ನೀರಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಕಾಡ್ಗಿಚ್ಚಿಗೆ ಎರಡು ಲೆಕ್ಕ ಇರುತ್ತದೆ. ಮೊದಲನೆಯದು ಎಕರೆಯಲ್ಲಿ, ಬೇಸಿಗೆಯಲ್ಲೇ ಗೊತ್ತಾಗುತ್ತದೆ. ಎರಡನೆಯದು ನೀರಿನಲ್ಲಿ, ಮಳೆ ಬಂದ ಮೇಲೆ ಗೊತ್ತಾಗುತ್ತದೆ. ಈ ಎರಡನೇ ಲೆಕ್ಕ ಎಲ್ಲಿಂದ ಶುರುವಾಯಿತು ಎಂದು ಹುಡುಕಿಕೊಂಡು ಹೋದರೆ ಕಥೆ ನೂರೈವತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಬೂದಿ ನೀರಿಗೆ ಏನು ಮಾಡುತ್ತದೆ?

ಮೊದಲು ಕಾಡಿನ ನೆಲ ಹೇಗಿರುತ್ತದೆ ನೋಡೋಣ. ಮೇಲೆ ಉದುರಿದ ಎಲೆ, ಅದರ ಕೆಳಗೆ ಅರ್ಧ ಕೊಳೆತ ಎಲೆ, ಅದರ ಕೆಳಗೆ ಬೇರು ತುಂಬಿದ ಮೆತ್ತನೆ ಮಣ್ಣು. ಎಷ್ಟೇ ಜೋರು ಮಳೆ ಬಂದರೂ ಹನಿಯ ಪೆಟ್ಟು ಎಲೆಯ ಮೇಲೆ ಬೀಳುತ್ತದೆ. ನೀರು ನಿಧಾನ ಇಳಿದು ಮಣ್ಣಿಗೆ ಸೇರುತ್ತದೆ. ಅದೇ ನೀರು ತಿಂಗಳುಗಟ್ಟಲೆ ಕಾಲ ತೊರೆಯಲ್ಲಿ ತಿಳಿಯಾಗಿ ಜಿನುಗುತ್ತದೆ.

ಬೆಂಕಿ ಬಿದ್ದರೆ ಈ ಹೊದಿಕೆ ಹೋಗುತ್ತದೆ. ಮಳೆಹನಿ ನೇರ ಮಣ್ಣಿಗೇ ಹೊಡೆಯುತ್ತದೆ. ಬೆಂಕಿಯ ಕಾವು ಹೆಚ್ಚಿದ್ದ ಕಡೆ ಇನ್ನೊಂದು ತೊಂದರೆ ಇದೆ. ಎಲೆ, ಕಡ್ಡಿಯೊಳಗಿನ ಮೇಣದಂಥ ಅಂಶ ಆವಿಯಾಗಿ ಮಣ್ಣಿಗೆ ಇಳಿದು, ತಣ್ಣಗಾದ ಮೇಲೆ ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತದೆ. ಎಣ್ಣೆ ಸವರಿದ ಬಾಣಲೆ ಮೇಲೆ ನೀರು ಜಾರುವ ಹಾಗೆ ಆ ಮಣ್ಣಿನ ಮೇಲೆ ಮಳೆನೀರು ಜಾರುತ್ತದೆ. ಹೋಗುವಾಗ ಬೂದಿ, ಇದ್ದಿಲು, ಮೇಲ್ಮಣ್ಣು ಎಲ್ಲವನ್ನೂ ಹೊತ್ತುಕೊಂಡು ಹಳ್ಳಕ್ಕೆ, ಹಳ್ಳದಿಂದ ಕಟ್ಟೆಗೆ, ಕೆರೆಗೆ, ಜಲಾಶಯಕ್ಕೆ ಹೋಗುತ್ತದೆ.

ಬೂದಿ ಗೊಬ್ಬರ ಎಂದು ನಮಗೆಲ್ಲ ಗೊತ್ತು. ಹೊಲಕ್ಕೆ ಬಿದ್ದರೆ ಒಳ್ಳೆಯದೇ. ಆದರೆ ಅದೇ ಗೊಬ್ಬರ ಕೆರೆಗೆ ಬಿದ್ದರೆ ಪಾಚಿ ಹುಲುಸಾಗಿ ಬೆಳೆಯುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಮೀನು ಸಾಯುತ್ತವೆ. ಬೂದಿಯಿಂದ ನೀರಿನ ಕ್ಷಾರ ಗುಣವೂ ಏರುತ್ತದೆ. ಮಣ್ಣಿನಲ್ಲಿದ್ದ ಕಬ್ಬಿಣ, ಮ್ಯಾಂಗನೀಸ್ ನೀರಿಗೆ ಬಂದು ಬಣ್ಣ, ರುಚಿ ಕೆಡಿಸುತ್ತವೆ.

ಕುಡಿಯುವ ನೀರು ಕೊಡುವವರಿಗೆ ಇದಕ್ಕಿಂತ ದೊಡ್ಡ ತಲೆನೋವು ಇದೆ. ಕೆಸರು ನೀರಿಗೆ ಕ್ಲೋರಿನ್ ಹಾಕಿದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಮಣ್ಣಿನ ಕಣದ ಮರೆಯಲ್ಲಿ ರೋಗಾಣು ಉಳಿದುಬಿಡುತ್ತವೆ. ಸುಟ್ಟ ಎಲೆ, ಕಟ್ಟಿಗೆಯ ಅಂಶದ ಜೊತೆ ಕ್ಲೋರಿನ್ ಸೇರಿದರೆ ಆರೋಗ್ಯಕ್ಕೆ ಒಳ್ಳೆಯದಲ್ಲದ ಬೇರೆ ರಾಸಾಯನಿಕಗಳು ಹುಟ್ಟುತ್ತವೆ.

ಇದು ಕಾಡಂಚಿನ ಊರಿನವರ ಸಮಸ್ಯೆ ಮಾತ್ರ ಅಲ್ಲ. ಬಂಡೀಪುರದ ಪಕ್ಕದಲ್ಲೇ ಕಬಿನಿ, ನುಗು ಹರಿಯುತ್ತವೆ. ನಮ್ಮ ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳು ತುಂಬುವುದು ಬೆಟ್ಟಗಾಡಿನ ನೀರಿನಿಂದ. ಕಬಿನಿ ತಿ. ನರಸೀಪುರದಲ್ಲಿ ಕಾವೇರಿ ಸೇರುತ್ತದೆ, ಸುವರ್ಣಾವತಿ ಕೊಳ್ಳೇಗಾಲದ ಕಡೆ ಸೇರುತ್ತದೆ. ಅಲ್ಲಿಂದ ಕೆಳಗೆ ಶಿವನಸಮುದ್ರದ ಬಳಿ ಬೆಂಗಳೂರಿಗೆ ಕುಡಿಯುವ ನೀರು ಎತ್ತುತ್ತಾರೆ.

ತರಗು ಬೆಂಕಿ

ಹಾಗಾದರೆ ಹಿಂದೆ ಕಾಡಿಗೆ ಬೆಂಕಿ ಬೀಳುತ್ತಿರಲಿಲ್ಲವೇ? ಬೀಳುತ್ತಿತ್ತು. ಸರಿಯಾಗಿ ಹೇಳಬೇಕೆಂದರೆ, ಹಾಕುತ್ತಿದ್ದರು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ತರಗು ಬೆಂಕಿ ಎಂಬ ಪದ್ಧತಿ ಇತ್ತು. ತರಗು ಎಂದರೆ ಉದುರಿದ ಒಣ ಎಲೆ. ಬೇಸಿಗೆ ಬಲಿಯುವ ಮೊದಲೇ, ಜನವರಿ, ಫೆಬ್ರವರಿಯ ಹೊತ್ತಿಗೆ, ನೆಲದಲ್ಲಿ ಇನ್ನೂ ಸ್ವಲ್ಪ ತೇವ ಇರುವಾಗ ತರಗಿಗೆ ಬೆಂಕಿ ಕೊಡುತ್ತಿದ್ದರು. ಉರಿ ಮೊಣಕಾಲೆತ್ತರ ಏಳುತ್ತದೆ, ಬೇಗ ಓಡುತ್ತದೆ, ತಾನಾಗಿ ಆರುತ್ತದೆ. ಮರದ ತುದಿಗೆ ಹೋಗುವುದಿಲ್ಲ. ಮಣ್ಣು ಹೆಚ್ಚು ಕಾಯುವುದಿಲ್ಲ, ಹುಲ್ಲಿನ ಬೇರು ಉಳಿಯುತ್ತದೆ. ಮೊದಲ ಮಳೆಗೆ ಹೊಸ ಹುಲ್ಲು ಬಂದು ನೆಲ ಮುಚ್ಚುತ್ತದೆ.

ಸೋಲಿಗರು ಇದಕ್ಕೆ ಹಲವು ಕಾರಣ ಕೊಡುತ್ತಾರೆ. ದನಕ್ಕೂ ಜಿಂಕೆಗೂ ಎಳೆ ಹುಲ್ಲು ಸಿಗುತ್ತದೆ. ನಡೆಯುವ ದಾರಿ ಕಾಣುತ್ತದೆ. ನೆಲ್ಲಿ ಮರದ ಮೇಲೆ ಬೆಳೆದು ಮರವನ್ನೇ ಹೀರುವ ಬಂದಳಿಕೆ, ಅವರ ಮಾತಿನಲ್ಲಿ ಉಪ್ಪಿಲು, ಹತೋಟಿಯಲ್ಲಿ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ವರ್ಷ ಸ್ವಲ್ಪ ಸುಟ್ಟರೆ ಒಂದೇ ವರ್ಷ ಎಲ್ಲವೂ ಸುಡುವುದಿಲ್ಲ.

ಬೆಂಕಿ ಹಾಕುವ ಜನ ನೀರನ್ನು ಮರೆತವರಾಗಿರಲಿಲ್ಲ. ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಮರ ನಿಂತಿರುವುದೇ ಭಾರ್ಗವಿ ಹೊಳೆಯ ದಡದಲ್ಲಿ.

ಬೆಂಕಿಯೇ ಬೇಡ ಎಂದ ಕಾನೂನು

ಬ್ರಿಟಿಷರ ಕಣ್ಣಿಗೆ ಕಾಡು ಎಂದರೆ ಮರಮುಟ್ಟು. ಹಡಗಿಗೆ ತೇಗ ಬೇಕಿತ್ತು. 1850ರ ದಶಕದಿಂದ ರೈಲು ಹಳಿಯ ಕೆಳಗೆ ಹಾಕುವ ಸ್ಲೀಪರ್‌ಗೂ ಮರ ಬೇಕಾಯಿತು. ಅವರ ದೃಷ್ಟಿಯಲ್ಲಿ ಬೆಂಕಿ ಎಂದರೆ ಸಸಿ ಸುಡುವ, ಲಾಭ ಸುಡುವ ಶತ್ರು.

1856ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಹ್ಯೂ ಕ್ಲೆಗ್‌ಹಾರ್ನ್ ಅರಣ್ಯ ಸಂರಕ್ಷಣಾಧಿಕಾರಿಯಾದರು. ಕಾಡು ಕಡಿದು, ಸುಟ್ಟು, ರಾಗಿ ಬಿತ್ತಿ, ಒಂದೆರಡು ವರ್ಷಕ್ಕೆ ಜಾಗ ಬದಲಿಸುವ ಕುಮರಿ ಬೇಸಾಯದ ವಿರುದ್ಧ ಅವರು ಬಲವಾಗಿ ನಿಂತರು. 1860ರಲ್ಲಿ ಕೆನರಾ ಜಿಲ್ಲೆಯಲ್ಲಿ ಅಪ್ಪಣೆ ಇಲ್ಲದೆ ಕುಮರಿ ಮಾಡಬಾರದೆಂಬ ಆಜ್ಞೆ ಬಂತು. 1864ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಡೀಟ್ರಿಚ್ ಬ್ರಾಂಡಿಸ್ ಇಡೀ ಬ್ರಿಟಿಷ್ ಭಾರತದ ಅರಣ್ಯಗಳಿಗೆ ಮುಖ್ಯಸ್ಥರಾದರು. ಮಧ್ಯ ಭಾರತದ ಬೋರಿ ಕಾಡಿನಲ್ಲಿ ಬೆಂಕಿರೇಖೆ ಕಡಿದು, ಕಾವಲು ಹಾಕಿ, ಬೆಂಕಿಯನ್ನು ಪೂರ್ತಿ ತಡೆಯುವ ಪ್ರಯತ್ನ ಅದೇ ದಶಕದಲ್ಲಿ ನಡೆಯಿತು. ಅದು ಗೆದ್ದಿತು ಎಂದು ಎಲ್ಲ ಕಡೆ ಅದನ್ನೇ ಮಾಡಿದರು. 1865ರಲ್ಲಿ ಒಂದು ಅರಣ್ಯ ಕಾಯ್ದೆ, 1878ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು. ಮೀಸಲು ಕಾಡಿನಲ್ಲಿ ಬೆಂಕಿ ಹಾಕುವುದು ಅಪರಾಧವಾಯಿತು.

ಇಲ್ಲಿ ಒಂದು ವಿಚಿತ್ರ ನಡೆಯಿತು. ಮೂವತ್ತು, ನಲವತ್ತು ವರ್ಷ ಬೆಂಕಿ ತಡೆದ ಮೇಲೆ ಬರ್ಮಾದ ತೇಗದ ಕಾಡಿನಲ್ಲಿ ಅಧಿಕಾರಿಗಳೇ ಗಮನಿಸಿದರು: ತೇಗದ ಸಸಿ ಮೊದಲಿನಷ್ಟು ಏಳುತ್ತಿಲ್ಲ, ಬೇರೆ ಪೊದೆ ಮುಚ್ಚಿಕೊಳ್ಳುತ್ತಿದೆ, ಒಮ್ಮೆ ಬೆಂಕಿ ತಪ್ಪಿಸಿಕೊಂಡು ಒಳಗೆ ಬಂದರೆ ಹಿಂದಿಗಿಂತ ಜೋರಾಗಿ ಉರಿಯುತ್ತಿದೆ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿ ಪೂರ್ತಿ ತಡೆಯುವ ಪಟ್ಟು ಸಡಿಲಿಸಿ, ಬೇಸಿಗೆ ಬಲಿಯುವ ಮೊದಲೇ ಸುಡುವ ಪದ್ಧತಿಗೆ ಬಂದರು. ಸೋಲಿಗರ ತರಗು ಬೆಂಕಿಯ ತಿಳಿವಳಿಕೆಗೆ ಸರ್ಕಾರ ಸುತ್ತು ಹಾಕಿ ಬಂದು ತಲುಪಿತ್ತು. ಆದರೆ ಅದನ್ನು ಇಲಾಖೆ ಮಾಡಿದರೆ ವಿಜ್ಞಾನ, ಕಾಡಿನ ಜನ ಮಾಡಿದರೆ ಕೇಸು.

ಇಲ್ಲಿಂದ ಅಮೆರಿಕಕ್ಕೆ

ಈ ಕಥೆಗೆ ಸಮುದ್ರದಾಚೆ ಒಂದು ಕೊಂಡಿ ಇದೆ. ಬ್ರಾಂಡಿಸ್ ನಿವೃತ್ತರಾಗಿ ಜರ್ಮನಿಗೆ ಹೋದ ಮೇಲೆ ಅವರ ಹತ್ತಿರ ಸಲಹೆಗೆ ಬಂದ ಅಮೆರಿಕದ ಯುವಕನ ಹೆಸರು ಗಿಫರ್ಡ್ ಪಿಂಚೊ. 1905ರಲ್ಲಿ ಅಮೆರಿಕ ಸರ್ಕಾರ ಅರಣ್ಯ ಇಲಾಖೆ ಕಟ್ಟಿದಾಗ ಅದರ ಮೊದಲ ಮುಖ್ಯಸ್ಥರಾದದ್ದು ಇವರೇ. ಭಾರತದಲ್ಲಿ ಅರಣ್ಯ ಇಲಾಖೆ ಕಟ್ಟಿದವರ ಅನುಭವ ಹೀಗೆ ಅಮೆರಿಕದ ಕಾಡಿಗೂ ದಾಟಿತು.

1910ರ ಆಗಸ್ಟ್‌ನಲ್ಲಿ ಅಮೆರಿಕದ ಇಡಾಹೊ, ಮೊಂಟಾನಾ ರಾಜ್ಯಗಳ ಕಡೆ ಎರಡೇ ದಿನದಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟಿತು. 80ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಬೆಂಕಿ ಆರಿಸಲು ಹೋದವರು. ಆ ಆಘಾತದ ನಂತರ ಇಲಾಖೆ ಬೆಂಕಿಯ ಮೇಲೆ ಯುದ್ಧವನ್ನೇ ಸಾರಿತು. 1935ರಲ್ಲಿ ನಿಯಮ ಮಾಡಿದರು: ಇವತ್ತು ಕಂಡ ಬೆಂಕಿ ನಾಳೆ ಬೆಳಗ್ಗೆ 10 ಗಂಟೆಯೊಳಗೆ ಆರಿರಬೇಕು. ಸಣ್ಣ ಬೆಂಕಿಗಳು ಆರುತ್ತಾ ಹೋದವು. ಕಾಡಿನೊಳಗೆ ಒಣ ಕಟ್ಟಿಗೆ, ಒತ್ತೊತ್ತಾದ ಸಣ್ಣ ಮರ ತುಂಬುತ್ತಾ ಹೋಯಿತು.

ಇದರ ಬೆಲೆ ನೀರಿನಲ್ಲಿ ಕಟ್ಟಿದ ನಗರ ಡೆನ್ವರ್. ಕೊಲರಾಡೊ ರಾಜ್ಯದ ಈ ರಾಜಧಾನಿಗೆ ನೀರಿನ ಬಹುಪಾಲು ಬೆಟ್ಟದ ಕಾಡಿನಿಂದ ಸ್ಟ್ರಾಂಶಿಯಾ ಸ್ಪ್ರಿಂಗ್ಸ್ ಎಂಬ ಸಣ್ಣ ಜಲಾಶಯದ ಮೂಲಕ ಬರುತ್ತದೆ. 1996ರ ಮೇ ತಿಂಗಳಲ್ಲಿ ಯಾರೋ ಆರಿಸದೆ ಬಿಟ್ಟುಹೋದ ಒಲೆಯಿಂದ ಬಫಲೊ ಕ್ರೀಕ್ ಎಂಬಲ್ಲಿ ಬೆಂಕಿ ಎದ್ದಿತು. ಸುಟ್ಟದ್ದು ಸುಮಾರು 11,900 ಎಕರೆ, ಹೆಚ್ಚು ಕಡಿಮೆ ನಮ್ಮ ಬಂಡೀಪುರದ 2019ರ ಬೆಂಕಿಯಷ್ಟೇ.

ಎರಡು ತಿಂಗಳಿಗೆ, ಜುಲೈ 12ರಂದು, ಆ ಸುಟ್ಟ ಬೆಟ್ಟದ ಮೇಲೆ ಜೋರು ಗುಡುಗು ಮಳೆ ಸುರಿಯಿತು. ಬೂದಿ, ಮಣ್ಣು, ಸುಟ್ಟ ದಿಮ್ಮಿ ಎಲ್ಲ ಸೇರಿ ಹಳ್ಳದಲ್ಲಿ ನುಗ್ಗಿ ಬಂದವು. ಇಬ್ಬರು ಪ್ರಾಣ ಬಿಟ್ಟರು. ಜಲಾಶಯಕ್ಕೆ ಹೂಳು ತುಂಬಿತು, ನೀರು ಕರ್ರಗಾಯಿತು. 2002ರಲ್ಲಿ ಅದೇ ನದಿಯ ಪಾತ್ರದಲ್ಲಿ ಹೇಮನ್ ಎಂಬ ಇನ್ನೂ ದೊಡ್ಡ ಬೆಂಕಿ ಬಿತ್ತು, ಸುಮಾರು 1,38,000 ಎಕರೆ. ಎರಡೂ ಬೆಂಕಿಯ ನಂತರ ಹೂಳೆತ್ತಲು, ನೀರು ಶುದ್ಧ ಮಾಡಲು, ನೆಲ ಸರಿಪಡಿಸಲು ಡೆನ್ವರ್ ನೀರು ಸಂಸ್ಥೆ 2.6 ಕೋಟಿ ಡಾಲರ್‌ಗಿಂತ ಹೆಚ್ಚು ಖರ್ಚು ಮಾಡಿತು. ಹಳ್ಳಗಳಲ್ಲಿ ಸಿಕ್ಕಿಕೊಂಡ ಮಣ್ಣು ಪೂರ್ತಿ ಖಾಲಿಯಾಗಲು ನೂರಾರು ವರ್ಷ ಬೇಕು ಎಂದು ಅಲ್ಲಿನ ಭೂವಿಜ್ಞಾನಿಗಳು ಲೆಕ್ಕ ಹಾಕಿದರು.

ಕೊನೆಗೆ 2010ರಲ್ಲಿ ನೀರು ಸಂಸ್ಥೆ ಒಂದು ತೀರ್ಮಾನಕ್ಕೆ ಬಂತು. ನೀರಿನ ಬಿಲ್ಲಿನಲ್ಲಿ ಬಂದ ಹಣವನ್ನೇ ಕಾಡಿಗೆ ಹಾಕುವುದು. ಅರಣ್ಯ ಇಲಾಖೆ ಅರ್ಧ, ತಾನು ಅರ್ಧ, ಒಟ್ಟು 3.3 ಕೋಟಿ ಡಾಲರ್. ಒತ್ತಾಗಿ ಬೆಳೆದ ಮರ ತೆಳುವು ಮಾಡುವುದು, ಕಾಲ ನೋಡಿ ಹತೋಟಿಯಲ್ಲಿ ಸುಡುವುದು, ಸಸಿ ನೆಡುವುದು. ಬೆಂಕಿ ಬಿದ್ದ ಮೇಲೆ ಹೂಳೆತ್ತುವುದಕ್ಕಿಂತ ಮೊದಲೇ ಕಾಡು ನೋಡಿಕೊಳ್ಳುವುದು ಅಗ್ಗ ಎಂದು ಅವರಿಗೆ ಅನುಭವದಿಂದ ಗೊತ್ತಾಗಿತ್ತು.

ಕೊಲರಾಡೊ ಬೇರೆ, ಬಂಡೀಪುರ ಬೇರೆ ಎಂಬುದನ್ನೂ ಹೇಳಬೇಕು. ಅಲ್ಲಿ ಪೈನ್ ಮರ ತುದಿಯವರೆಗೆ ಉರಿಯುತ್ತದೆ, ಬೆಟ್ಟ ಕಡಿದಾಗಿದೆ, ಮಣ್ಣು ಸಡಿಲ. ನಮ್ಮ ಎಲೆ ಉದುರುವ ಕಾಡಿನಲ್ಲಿ ಬೆಂಕಿ ಹೆಚ್ಚಾಗಿ ನೆಲದ ಮೇಲೆ ಓಡುತ್ತದೆ, ದೊಡ್ಡ ಮರ ಬಹಳಷ್ಟು ಬದುಕುತ್ತವೆ. ಹಾಗಾಗಿ ನಷ್ಟ ಅಷ್ಟೇ ಆಗುತ್ತದೆ ಎನ್ನಲಾಗದು. ಆದರೆ ದಾರಿ ಒಂದೇ: ಬೆಂಕಿ, ಬರಿ ನೆಲ, ಮೊದಲ ಮಳೆ, ಕರಿ ನೀರು.

1974ರ ನಂತರ ನಮ್ಮ ಬೆಟ್ಟದಲ್ಲಿ

ಈಗ ನಮ್ಮ ಜಿಲ್ಲೆಗೆ ಬರೋಣ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು. ಸೋಲಿಗರ ಪೋಡುಗಳನ್ನು ಕಾಡಿನ ಒಳಗಿನಿಂದ ಎಬ್ಬಿಸಿ ರಸ್ತೆ ಬದಿಗೆ ತಂದರು. ಬೇಸಾಯ ನಿಂತಿತು, ಬೇಟೆ ನಿಂತಿತು, ತರಗು ಬೆಂಕಿಯೂ ನಿಂತಿತು. ಹುಲಿ, ಆನೆ ಉಳಿದದ್ದರಲ್ಲಿ ಈ ಕಾಯ್ದೆಗಳ ಪಾತ್ರ ದೊಡ್ಡದು. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಆದರೆ ಬೆಂಕಿ ನಿಂತ ನೆಲಕ್ಕೆ ಇನ್ನೊಬ್ಬರು ಬಂದು ಕೂತರು. ಲಂಟಾನ. ಚೆಂದದ ಹೂವಿನ ಗಿಡ ಎಂದು ಬ್ರಿಟಿಷರು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ತೋಟಕ್ಕೆ ತಂದದ್ದು, ಇವತ್ತು ನಮ್ಮ ಬೇಲಿ, ಬೀಳು, ಬೆಟ್ಟ ಎಲ್ಲದರಲ್ಲೂ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಶೋಧಕರು 1997ರಲ್ಲಿ ನೋಡಿದಾಗ ನೂರಕ್ಕೆ ಸುಮಾರು ನಲವತ್ತು ಜಾಗದಲ್ಲಿ ಲಂಟಾನ ಇತ್ತು. 2008ರಲ್ಲಿ ಅವೇ ಜಾಗಗಳಿಗೆ ಹೋದಾಗ ನೂರಕ್ಕೆ ಎಂಬತ್ತರಷ್ಟು ಕಡೆ ಇತ್ತು. ತರಗು ಬೆಂಕಿ ನಿಂತದ್ದೇ ಇದಕ್ಕೆ ಕಾರಣ ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ಮೊದಲು ಎಳೆ ಗಿಡ ಇದ್ದಾಗಲೇ ಸುಡುತ್ತಿತ್ತು, ಈಗ ಬಿಟ್ಟು ಬಿಟ್ಟು ಬಲಿಯಿತು ಎನ್ನುವುದು ಅವರ ವಾದ.

ಆಳೆತ್ತರದ ಲಂಟಾನ ಪೊದೆ ಬೇಸಿಗೆಯಲ್ಲಿ ಒಣಗಿ ನಿಂತರೆ ಏಣಿ ಇಟ್ಟ ಹಾಗೆ. ನೆಲದ ಬೆಂಕಿ ಅದನ್ನು ಹತ್ತಿ ಮರದ ಕೊಂಬೆಗೆ ಹೋಗುತ್ತದೆ. ಹೊತ್ತು ಹೆಚ್ಚು ಉರಿಯುತ್ತದೆ, ಮಣ್ಣು ಹೆಚ್ಚು ಕಾಯುತ್ತದೆ. ಆರಿಸುವವರಿಗೂ ಅಪಾಯ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲೇ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜೀವ ಕಳೆದುಕೊಂಡರು.

2011ರಲ್ಲಿ ಎರಡು ದೊಡ್ಡ ಸಂಗತಿ ನಡೆದವು. ವರ್ಷದ ಆರಂಭದಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಕಾಡಿನಲ್ಲಿ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಕಾಡು ನೋಡಿಕೊಳ್ಳುವುದರಲ್ಲಿ ಅವರ ಮಾತಿಗೂ ಕಾನೂನಿನ ಬಲ ಬಂತು. ಬೆಂಕಿಯ ವಿಷಯದಲ್ಲಿ ಆ ಮಾತು ಕೇಳಿಸಿಕೊಳ್ಳುವ ಕೆಲಸ ಇನ್ನೂ ಬಾಕಿ ಇದೆ.

ಹಾಗಾದರೆ ಏನು ಮಾಡುವುದು?

ಒಂದು ಎಚ್ಚರಿಕೆ ಮೊದಲೇ ಹೇಳುತ್ತೇನೆ. ಇದನ್ನು ಓದಿ ಯಾರೂ ಕಡ್ಡಿ ಗೀರಬೇಡಿ. ಅಜ್ಜನ ಕಾಲದ ತರಗು ಬೆಂಕಿ ಅಜ್ಜನ ಕಾಲದ ಕಾಡಿಗೆ ಸರಿ ಇತ್ತು. ಆಗ ಕೆಳಗೆ ಹುಲ್ಲಿತ್ತು, ಈಗ ಲಂಟಾನ ಇದೆ. ಅದೇ ಕಡ್ಡಿ ಇವತ್ತು ಊರನ್ನೇ ಸುಡಬಹುದು. ಕಾನೂನು ಪ್ರಕಾರ ಜೈಲು ಬೇರೆ.

ಬೆಂಕಿಗೆ ಮೊದಲು ಆಗಬೇಕಾದ್ದು:

ಲಂಟಾನ ಬೇರು ಸಮೇತ ಕಿತ್ತು ತೆಗೆಯುವುದು, ಅದರಲ್ಲೂ ಹಳ್ಳದ ಎರಡೂ ದಡದಲ್ಲಿ ಮೊದಲು. ತೆಗೆದ ಲಂಟಾನದಿಂದ ಬುಟ್ಟಿ, ಕುರ್ಚಿ ಮಾಡುವ ಕೆಲಸ ಕಾಡಂಚಿನ ಊರುಗಳಿಗೆ ಕೂಲಿಯೂ ಆಗುತ್ತದೆ.

ಬೆಂಕಿರೇಖೆಯನ್ನು ಬೇಸಿಗೆಗೆ ಮೊದಲೇ ಮುಗಿಸುವುದು. ಬೆಂಕಿ ಕಾವಲಿಗೆ ಸ್ಥಳೀಯರನ್ನೇ ತೆಗೆದುಕೊಂಡು ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡುವುದು. ಬೆಂಕಿ ಕಂಡ ಮೊದಲ ಅರ್ಧ ಗಂಟೆಯಲ್ಲಿ ಓಡಿ ಬರುವವರು ಅವರೇ.

ಲಂಟಾನ ತೆಗೆದ ಜಾಗದಲ್ಲಿ, ಇಲಾಖೆಯ ಉಸ್ತುವಾರಿಯಲ್ಲಿ, ಸೋಲಿಗ ಹಿರಿಯರನ್ನು ಜೊತೆಗಿಟ್ಟುಕೊಂಡು ತಣ್ಣನೆ ಬೆಂಕಿಯನ್ನು ಸಣ್ಣದಾಗಿ ಪರೀಕ್ಷೆ ಮಾಡಿ ನೋಡುವುದು.

ನಮ್ಮ ಕಡೆಯ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ಕಾಡಿನಲ್ಲಿ ಬೆಂಕಿ ತಾನಾಗಿ ಹುಟ್ಟುವುದು ಅಪರೂಪ. ಸೇದಿ ಬಿಸಾಡಿದ ಬೀಡಿ, ಹೊಲದ ಬದುವಿನಲ್ಲಿ ಹಾಕಿದ ಕಸದ ಬೆಂಕಿ, ಜೇನು ಬಿಡಿಸಲು ಹಚ್ಚಿದ ಪಂಜು, ಒಮ್ಮೊಮ್ಮೆ ಇಲಾಖೆ ಮೇಲಿನ ಸಿಟ್ಟು. ಆನೆ ಬೆಳೆ ತಿಂದು ಹೋದಾಗ, ಪರಿಹಾರಕ್ಕೆ ಅಲೆದು ಸಾಕಾದಾಗ ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟಿನ ಬೂದಿ ಬಂದು ಬೀಳುವುದು ನಮ್ಮ ಕಟ್ಟೆಗೇ.

ಬೆಂಕಿ ಬಿದ್ದ ಮೇಲೆ, ಮಳೆಗೆ ಮೊದಲು:

ಸುಟ್ಟ ಇಳಿಜಾರಿನ ಹಳ್ಳಗಳಿಗೆ ಅಡ್ಡಲಾಗಿ ಕಲ್ಲು, ಕೊಂಬೆಗಳ ಸಣ್ಣ ತಡೆ ಕಟ್ಟುವುದು. ಬೂದಿ, ಮಣ್ಣು ಅಲ್ಲೇ ನಿಲ್ಲುತ್ತದೆ. ಇದು ಕಾಡಿನೊಳಗಿನ ಕೆಲಸ, ಇಲಾಖೆಯೇ ಮಾಡಬೇಕು. ಗ್ರಾಮಸಭೆಯಲ್ಲಿ ನಾವು ಕೇಳಬೇಕು.

ಸುಟ್ಟ ಜಾಗಕ್ಕೆ ಮೊದಲ ಮಳೆಗಾಲ ದನ ಬಿಡದಿರುವುದು. ಚಿಗುರು ನೆಲ ಹಿಡಿಯಲಿ.

ಕಾಡಿನ ಹಳ್ಳದಿಂದ ತುಂಬುವ ಕೆರೆ, ಕಟ್ಟೆ, ತೆರೆದ ಬಾವಿ ಇದ್ದರೆ ಮೊದಲ ಮಳೆಯ ನೀರು ಕುಡಿಯಬೇಡಿ. ಚಾವಣಿ ನೀರು ಹಿಡಿಯುವವರು ಬೂದಿ ತೊಳೆದು ಹೋಗುವವರೆಗೆ ಮೊದಲ ನೀರು ಹೊರಗೆ ಬಿಡಿ. ಕಲಕಿದ ನೀರನ್ನು ಪಟಿಕ ಹಾಕಿ ತಿಳಿಯಾಗಲು ಬಿಟ್ಟು, ದಪ್ಪ ಬಟ್ಟೆಯಲ್ಲಿ ಸೋಸಿ, ಆಮೇಲೆ ಕುದಿಸಿ. ಕುದಿಸಿದರೆ ರೋಗಾಣು ಸಾಯುತ್ತವೆ, ಬೂದಿಯಿಂದ ಬಂದ ರಾಸಾಯನಿಕ ಹೋಗುವುದಿಲ್ಲ. ಆದ್ದರಿಂದ ಬಣ್ಣ, ವಾಸನೆ ಬದಲಾಗಿದ್ದರೆ ಗ್ರಾಮ ಪಂಚಾಯಿತಿಗೆ ಹೇಳಿ ನೀರು ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಬೇರೆ ನೀರು ಕೇಳಿ.

ಎರಡನೇ ಲೆಕ್ಕ ಬರೆಯೋಣ

ಡೆನ್ವರ್‌ನವರು ಬುದ್ಧಿ ಕಲಿತದ್ದಕ್ಕೆ ಒಂದು ಕಾರಣ ಇದೆ. ನೀರಿಗೆ ಎಷ್ಟು ನಷ್ಟವಾಯಿತು ಎಂದು ಅವರು ಅಳೆದರು. ಅಳೆದದ್ದರಿಂದ ಕಾಡಿಗೆ ಹಣ ಬಂತು. ನಾವು ಎಕರೆ ಅಳೆದು ಸುಮ್ಮನಾದೆವು.

ಮುಂದಿನ ಸಲ ಕಾಡಿಗೆ ಬೆಂಕಿ ಬಿದ್ದರೆ ನಾನು ಫೆಬ್ರವರಿಯಲ್ಲಿ ಒಮ್ಮೆ, ಜೂನ್‌ನಲ್ಲಿ ಇನ್ನೊಮ್ಮೆ ಹೋಗುತ್ತೇನೆ. ನೀವೂ ನಿಮ್ಮೂರ ಕಟ್ಟೆಯ ನೀರನ್ನು ಮೊದಲ ಮಳೆಗೆ ಮೊದಲು ಒಂದು ಫೋಟೊ, ಮಳೆಯಾದ ಮೇಲೆ ಒಂದು ಫೋಟೊ ತೆಗೆದಿಡಿ. ತಾರೀಕು ಬರೆದಿಡಿ. ಗ್ರಾಮಸಭೆಯಲ್ಲಿ ಆ ಎರಡು ಫೋಟೊ ಪಕ್ಕಪಕ್ಕ ಇಟ್ಟರೆ ಯಾವ ಅಧಿಕಾರಿಯೂ ನೋಡದೆ ಇರಲಾರರು.

ಆ ಅಜ್ಜ ಇನ್ನೊಂದು ಸಲ ಸಿಕ್ಕರೆ ತೋರಿಸಲು ನನ್ನ ಹತ್ತಿರವೂ ಏನಾದರೂ ಇರಬೇಕಲ್ಲ.